ನೆರಳಿನಲ್ಲಿದ್ದ ಗಂಟು

ತೀರಿಕೊಂಡ ಮಗ ಕೊನೆಯದಾಗಿ ತೆಗೆದಿದ್ದ ಚಿರತೆಯ ಚಿತ್ರ ಸ್ಪರ್ಧೆಗೆ ಹೋಗಬೇಕಿತ್ತು. ಇಳಿಬಿಸಿಲು ಚಿರತೆಯ ಬೆನ್ನ ಹಿಂದಿದ್ದುದರಿಂದ ಮುಂಭಾಗವೆಲ್ಲ ಮಸಿ ಸುರಿದಂತಿತ್ತು. ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದ್ದ ಮುದುಕ ತಂದೆ ದೇವರಿಗೆ ಕೈಮುಗಿದು ಕಂಪ್ಯೂಟರಿನ ಮುಂದೆ ಕುಳಿತ. ಪಕ್ಕದಲ್ಲಿ ಅಳಿಯ, ಮಗನ ಜೊತೆ ಕಾಡಿಗೆ ಹೋಗಿದ್ದವನು ಅವನೇ. ಮಾವನಿಗೂ ಅಳಿಯನಿಗೂ ಎಣ್ಣೆ ಸೀಗೇಕಾಯಿ.

“ಮುಖ ಮಾತ್ರ ಬೆಳಗಿಸಿ ಮಾವ, ಕೆಳಗಡೆ ಮುಟ್ಟಬೇಡಿ.”

“ನನಗೇ ಕೆಲಸ ಕಲಿಸೋಕೆ ಬಂದ್ಯಾ? ನೀನು ಹುಟ್ಟೋಕೆ ಮೊದಲೇ ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದು ಮುಖ ತೆಗೆದವನು ನಾನು.”

ಹಟಕ್ಕೆ ಬಿದ್ದ ಮುದುಕ ಕೆಳಗಿನ ನೆರಳನ್ನೂ ತಿಳಿಯಾಗಿಸಿದ. ಹುಲ್ಲಿನ ನಡುವೆ ಒಂದು ಮೇಕೆಮರಿ ಕಾಣಿಸಿತು. ಅದನ್ನು ಹಗ್ಗದಿಂದ ಗೂಟಕ್ಕೆ ಕಟ್ಟಿದ್ದರು.

“ಥೂ, ಪಾಪಿ! ಚಿರತೆ ಬರಲಿ ಅಂತ ಮರಿ ಕಟ್ಟಿದ್ಯಾ? ನನ್ನ ಮಗನ ಹೆಸರು ಕೆಡಿಸಿದೆಯಲ್ಲೋ!”

“ಬೈಯೋ ಮೊದಲು ಗಂಟು ದೊಡ್ಡದು ಮಾಡಿ ನೋಡಿ. ನನಗೆ ಶೂ ಲೇಸೂ ಕಟ್ಟೋಕೆ ಬರಲ್ಲ ಅಂತ ಆಡ್ಕೊಳ್ತಿದ್ದವರು ನೀವೇ.”

ಮುದುಕ ನೋಡಿದ. ಎರಡು ಸುತ್ತು, ನಡುವೆ ಒಂದು ಮಡಿಕೆ. ಸ್ಟುಡಿಯೋ ಗೋಡೆಯ ಹಿನ್ನೆಲೆ ಬಟ್ಟೆ ಜಾರದಿರಲೆಂದು ತಾನೇ ಕಂಡುಕೊಂಡು, ಮಗನೊಬ್ಬನಿಗೇ ಕಲಿಸಿದ್ದ ಗಂಟು.

“ಮರಿ ಏನಾಯ್ತು?”

“ನಾನು ಬಿಡಿಸೋಕೆ ಓಡಿದೆ. ನನ್ನ ಕೈಲಿ ಬಿಚ್ಚೋಕೆ ಆಗಲಿಲ್ಲ.” ಅಳಿಯ ಕುರ್ಚಿ ಹಿಂದಕ್ಕೆ ತಳ್ಳಿದ. “ಮರೀನ ಚಿತ್ರದಿಂದ ಅಳಿಸಿಬಿಡಿ, ಎರಡು ನಿಮಿಷದ ಕೆಲಸ. ಬಹುಮಾನ ಅವನ ಹೆಸರಿಗೇ ಬರುತ್ತೆ.”

“ಬಾಯಿ ಮುಚ್ಚು! ಜನರ ಕಣ್ಣಿಗೆ ಮಣ್ಣೆರಚಬಹುದು. ದೇವರ ಕಣ್ಣಿಗೆ?”

ಮುದುಕ ಸ್ಪರ್ಧೆಯ ಅರ್ಜಿಯನ್ನು ಹರಿದು ಅಳಿಯನ ಕಾಲ ಬಳಿ ಎಸೆದ. ಮರಿಯನ್ನು ಮಾತ್ರ ಅಳಿಸಲಿಲ್ಲ.