ಎಡಗನ್ನಡಿಯ ಮೇಲಿನ ಬೆರಳಗುರುತು

ನಾನು ಒಂದು ಕನ್ನಡಿ ಸ್ಟೀರಿಯೋಸ್ಕೋಪು. ಹೆಸರು ಉದ್ದ, ಆಳು ಗಿಡ್ಡ. ನಾಲ್ಕು ಕಾಲು, ಎಡಕ್ಕೊಂದು ಬಲಕ್ಕೊಂದು ಅಗಲವಾದ ಕನ್ನಡಿ, ನಡುವೆ ಎರಡು ಮಸೂರ, ಇಷ್ಟೇ ನನ್ನ ಸಂಸಾರ. ಮೇಜಿನ ಮೇಲೆ ಇಟ್ಟರೆ ಕೂರಲು ಬಾರದ ಸ್ಟೂಲಿನ ಹಾಗೆ ಕಾಣುತ್ತೇನೆ. ಹೊಸಬರು ನೋಡಿ ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ಒಮ್ಮೆ ನನ್ನ ಮಸೂರಕ್ಕೆ ಕಣ್ಣಿಟ್ಟವರು ಬಾಯಿ ತೆರೆದುಕೊಂಡೇ ಮೇಲೇಳುತ್ತಾರೆ.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ವಿಮಾನದಿಂದ ನೆಲದ ಫೋಟೊ ತೆಗೆಯುವವರು ಒಂದು ಗುಡ್ಡವನ್ನು ಒಮ್ಮೆ ತೆಗೆದು, ಸ್ವಲ್ಪ ಮುಂದೆ ಹೋಗಿ ಅದನ್ನೇ ಮತ್ತೊಮ್ಮೆ ತೆಗೆಯುತ್ತಾರೆ. ಆ ಎರಡು ಫೋಟೊಗಳನ್ನು ನನ್ನ ಕಾಲಡಿ ಪಕ್ಕಪಕ್ಕ ಇಡಬೇಕು. ಎಡಗಣ್ಣಿಗೆ ಎಡದ ಫೋಟೊ, ಬಲಗಣ್ಣಿಗೆ ಬಲದ ಫೋಟೊ ಮಾತ್ರ ಕಾಣುವಂತೆ ನಾನು ನೋಡಿಕೊಳ್ಳುತ್ತೇನೆ. ಎರಡೂ ನೋಡುವವರ ತಲೆಯೊಳಗೆ ಒಂದಾದಾಗ ಚಪ್ಪಟೆ ಕಾಗದದಿಂದ ಗುಡ್ಡ ಎದ್ದು ನಿಲ್ಲುತ್ತದೆ, ಹಳ್ಳ ಕೆಳಗಿಳಿಯುತ್ತದೆ. ನನ್ನದು ಒಂದೇ ಷರತ್ತು: ಎರಡು ಕಣ್ಣು ಬೇಕು. ನನ್ನ ಕಥೆಯೆಲ್ಲ ಆ ಷರತ್ತಿನ ಸುತ್ತಲೇ ಇದೆ.

ನಾನು ಹುಟ್ಟಿದ್ದು ದೂರದ ರೂರ್ಕಿಯಲ್ಲಿ, ಒಂದು ಓಣಿಯ ಕಾರ್ಖಾನೆಯಲ್ಲಿ. ನನ್ನ ಕನ್ನಡಿಗಳಿಗೆ ಮೇಲ್ಮೈಯಲ್ಲೇ ಬೆಳ್ಳಿಯ ಲೇಪ. ನಿಮ್ಮ ಮನೆಯ ಕನ್ನಡಿಗಾದರೆ ಲೇಪ ಗಾಜಿನ ಹಿಂದೆ ಇರುತ್ತದೆ, ನೀವು ಒರಸಿದರೂ ತಿಕ್ಕಿದರೂ ಏನೂ ಆಗುವುದಿಲ್ಲ. ನನ್ನದು ಹಾಗಲ್ಲ. ಬೆರಳು ತಾಗಿದರೆ ಬೆವರಿಗೇ ಲೇಪ ಕೆಡುತ್ತದೆ, ಆ ಗುರುತು ಜನ್ಮಕ್ಕೆ ಹೋಗುವುದಿಲ್ಲ. ನನ್ನನ್ನು ಪೆಟ್ಟಿಗೆಗೆ ಹಾಕಿದ ಮುದುಕ ಪೆಟ್ಟಿಗೆಯ ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ಒಂದು ಕೈ ಬರೆದು, ಅದರ ಮೇಲೆ ಅಡ್ಡಗೆರೆ ಎಳೆದ. ಮುಟ್ಟಬೇಡಿ ಎಂದು ಅದರ ಅರ್ಥ. ಆ ಪೆಟ್ಟಿಗೆಯಲ್ಲಿ ಹುಲ್ಲಿನ ನಡುವೆ ಮಲಗಿ, ರೈಲಿನಲ್ಲಿ ನಾಲ್ಕು ದಿನ ಅಲುಗಾಡಿ, ನಾನು ಕಲಬುರಗಿಗೆ ಬಂದೆ. ಆಗ ಊರಿಗೆ ಗುಲ್ಬರ್ಗ ಎಂದೇ ಹೆಸರು.

ಪೆಟ್ಟಿಗೆ ಬಿಚ್ಚಿದವರು ಸ್ನಾತಕೋತ್ತರ ಭೂಗೋಳ ವಿಭಾಗದ ಪ್ರೊಫೆಸರ್ ಪ್ರಹ್ಲಾದರಾವ ಮುದಗಲ್. ಅವರು ಕಲಿಸುತ್ತಿದ್ದ ವಿಷಯಕ್ಕೆ ದೂರಸಂವೇದಿ ಎಂದು ಹೆಸರು. ನೆಲವನ್ನು ಮುಟ್ಟದೆ, ಮೇಲಿನಿಂದ ತೆಗೆದ ಚಿತ್ರ ನೋಡಿಯೇ ಎಲ್ಲಿ ನೀರು, ಎಲ್ಲಿ ಕಲ್ಲು, ಎಲ್ಲಿ ಬೆಳೆ ಎಂದು ಹೇಳುವ ವಿದ್ಯೆ. ಆ ವಿದ್ಯೆಗೆ ಬೇಕಾದ ಸಾಮಾನು ಎಂದರೆ ವಿಭಾಗದಲ್ಲಿ ಆಗ ನಾನೊಬ್ಬನೇ. ಹಾಗಾಗಿ ನನಗೆ ಸ್ವಲ್ಪ ಜಂಬ ಇತ್ತು, ಮುಚ್ಚಿಡುವುದೇಕೆ. ಮುದಗಲ್ ಸರ್ ದಿನಾ ಬೆಳಿಗ್ಗೆ ಒಂಟೆಕೂದಲ ಕುಂಚದಿಂದ ನನ್ನ ಕನ್ನಡಿಯ ಧೂಳು ತೆಗೆಯುತ್ತಿದ್ದರು. ಅಷ್ಟು ಮೃದುವಾಗಿ ಆಮೇಲೆ ನನ್ನನ್ನು ಯಾರೂ ನೋಡಿಕೊಂಡಿಲ್ಲ. ಅವರಿಗೆ ನಾನು ಋಣಿ.

ಸರ್‌ಗೆ ಒಂದು ಪದ್ಧತಿ ಇತ್ತು. ಎಲ್ಲ ವಿದ್ಯಾರ್ಥಿಗಳೂ ನನ್ನಲ್ಲಿ ನೋಡಿ ಮುಗಿದ ಮೇಲೆ, ಯಾರಿಗೂ ಹೇಳದೆ ಎಡದ ಫೋಟೊವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಅದಲುಬದಲು ಮಾಡಿ, ಮತ್ತೊಮ್ಮೆ ನೋಡಲು ಹೇಳುತ್ತಿದ್ದರು. ಹಾಗೆ ಮಾಡಿದರೆ ನನ್ನೊಳಗಿನ ಲೋಕ ತಿರುಗುಮುರುಗಾಗುತ್ತದೆ. ಗುಡ್ಡ ತಗ್ಗಾಗುತ್ತದೆ, ಹಳ್ಳ ಏರಿಯಾಗಿ ಉಬ್ಬುತ್ತದೆ. ನಿಜವಾಗಿ ಕಂಡವರು "ಸರ್, ಗುಡ್ಡ ಒಳಗ ಹೋಗ್ಯಾದ್ರಿ" ಎಂದು ಗಾಬರಿಯಾಗುತ್ತಿದ್ದರು. ಕಾಣದೆಯೇ ಕಂಡಿತು ಎನ್ನುವವರು ಅಲ್ಲಿ ಸಿಕ್ಕಿಬೀಳುತ್ತಿದ್ದರು. ಹಾಗೆ ಹೇಳುವವರು ಪ್ರತಿ ವರ್ಷ ಇಬ್ಬರು ಮೂವರು ಇದ್ದೇ ಇರುತ್ತಾರೆ. ಪಕ್ಕದವರೆಲ್ಲ ಕಂಡಿತು ಎನ್ನುವಾಗ ತಾನೊಬ್ಬನೇ ಇಲ್ಲ ಎನ್ನುವುದು ಸುಲಭವಲ್ಲ.

ನಾನು ಬಂದ ಐದನೇ ವರ್ಷ ಸಿಕ್ಕಿಬಿದ್ದವಳು ಭಾಗಮ್ಮ.

ಭಾಗಮ್ಮ ಶಹಾಬಾದ್ ಕಡೆಯವಳು. ತಂದೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಎಬ್ಬಿಸುವವನು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಇವಳೊಬ್ಬಳೇ. ತರಗತಿಯಲ್ಲಿ ಮುಂದಿನ ಬೆಂಚು, ನೋಟ್ಸು ಎಂದರೆ ಅವಳದೇ ನೋಟ್ಸು. ಅಂಥವಳು ಆ ದಿನ ಎರಡನೇ ಸುತ್ತಿಗೆ ಎಲ್ಲರಿಗಿಂತ ಮೊದಲು ನನ್ನ ಮಸೂರಕ್ಕೆ ಕಣ್ಣಿಟ್ಟು, ಅದಲುಬದಲಾದ ಫೋಟೊ ನೋಡಿ, "ಗುಡ್ಡ ಚಲೋ ಎದ್ದು ಕಾಣಸ್ತದ್ರಿ ಸರ್. ಮ್ಯಾಲ ಸಪಾಟು ಅದ" ಎಂದಳು.

ಸರ್ ಎಲ್ಲರ ಮುಂದೆ ಏನೂ ಅನ್ನಲಿಲ್ಲ. "ಹೂಂ, ಮುಂದ" ಎಂದರು. ಅವರ ಈ ದೊಡ್ಡತನವನ್ನು ನಾನು ಇಂದಿಗೂ ನೆನೆಯುತ್ತೇನೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಅವಳನ್ನು ಕರೆಸಿದರು. ಅವಳು ನನ್ನ ಮುಂದೆಯೇ ನಿಂತಿದ್ದಳು.

"ಎಷ್ಟ್ ದಿನದಿಂದ ಕಾಣಸ್ತಿಲ್ಲವ್ವಾ?" ಎಂದು ಸರ್ ಕೇಳಿದರು.

ಆಸರೆಗೆಂದು ಮೇಜು ಹಿಡಿಯಲು ಹೋದ ಅವಳ ಕೈ ನನ್ನ ಎಡಗನ್ನಡಿಯ ಮೇಲೆ ಬಿತ್ತು. ಹೆಬ್ಬೆರಳು ಪೂರ್ತಿ ಒತ್ತಿತು. ನಾನು ಒಳಗೇ ಅತ್ತುಬಿಟ್ಟೆ. ಐದು ವರ್ಷ ಕಾಪಾಡಿಕೊಂಡು ಬಂದ ಮೈ!

"ಆರನೇ ವರ್ಷದಿಂದ್ರಿ" ಎಂದಳು.

ತಂದೆಗೆ ರೊಟ್ಟಿ ಕೊಡಲು ಗಣಿಗೆ ಹೋದಾಗ ಕಲ್ಲಿನ ಚಕ್ಕೆ ಸಿಡಿದು ಎಡಗಣ್ಣಿಗೆ ಬಡಿದಿತ್ತಂತೆ. ನೋಡುವವರಿಗೆ ಕಣ್ಣು ಸರಿಯಾಗೇ ಇದೆ, ಅವಳಿಗೆ ಅದರಲ್ಲಿ ಬರೀ ಬೆಳಕು. ಯಾರಿಗೂ ಹೇಳಿರಲಿಲ್ಲ. ಹದಿನೈದು ದಿನಕ್ಕೆ ಪ್ರಾಯೋಗಿಕ ಪರೀಕ್ಷೆ, ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ನನ್ನಲ್ಲಿ ನೋಡಿ ಗುಡ್ಡದ ಎತ್ತರ ಅಳೆಯುವುದೇ ಅದರ ದೊಡ್ಡ ಪ್ರಶ್ನೆ. ಅದರಲ್ಲಿ ಫೇಲಾದರೆ ಪದವಿ ಇಲ್ಲ.

"ಬ್ಯಾರೆ ವಿಷಯ ತಗೊಳ್ಳೋದಿತ್ತಲ್ಲ" ಎಂದರು ಸರ್.

"ನನಗ ಇದೇ ಬೇಕಾಗಿತ್ರಿ." ಸ್ವಲ್ಪ ತಡೆದು ಅಂದಳು, "ಗುಡ್ಡ ಕಾಣಸಂಗಿಲ್ರಿ ಸರ್. ಆದ್ರ ಎತ್ತರ ಹೇಳ್ತೀನ್ರಿ."

"ಹ್ಯಾಂಗ?"

"ನೆರಳು ಅದಲ್ರಿ."

ಗಣಿಯ ಅಂಚಿನಲ್ಲಿ ನಿಂತು ಕೆಳಗಿನ ನೆರಳು ನೋಡಿಯೇ ತಂದೆ ಇವತ್ತು ಎಷ್ಟು ಆಳದಲ್ಲಿದ್ದಾನೆ ಎಂದು ಅವಳು ಹೇಳುತ್ತಿದ್ದಳಂತೆ. ಒಂದು ಕಣ್ಣಿನವರಿಗೆ ಆಳ ತಿಳಿಯುವುದು ಹಾಗೆಯೇ. ಇಲ್ಲಿಯೂ ಅದೇ ದಾರಿ ಹುಡುಕಿದ್ದಳು. ವಿಮಾನದ ಫೋಟೊದ ಅಂಚಿನಲ್ಲಿ ಒಂದು ಪುಟ್ಟ ಗಡಿಯಾರದ ಚಿತ್ರ ಬಿದ್ದಿರುತ್ತದೆ, ಫೋಟೊ ತೆಗೆದ ಹೊತ್ತು ತೋರಿಸಲು. ತಾರೀಖೂ ಇರುತ್ತದೆ. ಆ ದಿನ ಆ ಹೊತ್ತಿಗೆ ಸೂರ್ಯ ಎಷ್ಟು ಮೇಲಿದ್ದ ಎಂದು ಲೆಕ್ಕ ಹಾಕಬಹುದು. ಗುಡ್ಡದ ಕಡಿದಾದ ಬದಿಯ ನೆರಳು ಸಪಾಟು ಹೊಲದ ಮೇಲೆ ಎಷ್ಟು ಉದ್ದ ಬಿದ್ದಿದೆ ಎಂದು ಅಳೆದರೆ ಎತ್ತರ ಸಿಕ್ಕಿಬಿಡುತ್ತದೆ. ಈ ರೀತಿ ಪುಸ್ತಕದಲ್ಲೂ ಇತ್ತು, ಕೊನೆಯ ಪುಟಗಳಲ್ಲಿ. ಅಲ್ಲಿಯವರೆಗೆ ಓದಿದ್ದವಳು ಅವಳೊಬ್ಬಳೇ.

ಅವಳು ಅರವತ್ತಮೂರು ಮೀಟರ್ ಎಂದಳು. ಸರ್ ನನ್ನಲ್ಲಿ ಕಣ್ಣಿಟ್ಟು ಅಳೆದರು. ಅರವತ್ತೈದು ಬಂತು. ಮತ್ತೊಮ್ಮೆ ಅಳೆದರು. ಅರವತ್ತನಾಲ್ಕು. ಕನ್ನಡಕ ತೆಗೆದು ಒರಸಿಕೊಂಡು, "ಪರೀಕ್ಷಾದಾಗ ಕಂಡಿತು ಅನಬ್ಯಾಡ. ಇದನ್ನೇ ಹೇಳು" ಎಂದರು.

ಪರೀಕ್ಷೆಯ ದಿನ ನನಗೆ ಅವಮಾನವಾಯಿತು. ಎಲ್ಲರೂ ನನ್ನ ಮುಂದೆ ಕೂತು ತಲೆ ಬಗ್ಗಿಸಿದರು. ಭಾಗಮ್ಮನೊಬ್ಬಳು ನನ್ನನ್ನು ಪಕ್ಕಕ್ಕೆ ಸರಿಸಿ, ಫೋಟೊದ ಮೇಲೆ ಸ್ಕೇಲು ಇಟ್ಟಳು. ಪರೀಕ್ಷಕರು ಹುಬ್ಬು ಗಂಟಿಕ್ಕಿದರು. "ಯಂತ್ರ ಯಾಕೆ ಬಳಸುತ್ತಿಲ್ಲ?" ಎಂದರು.

"ನನಗ ಒಂದೇ ಕಣ್ಣು ಕಾಣಸ್ತದ್ರಿ ಸರ್" ಎಂದಳು. ಹದಿನೈದು ವರ್ಷ ಬಚ್ಚಿಟ್ಟ ಮಾತು ಅದು. ಅಷ್ಟು ಜನರ ಮುಂದೆ, ಧ್ವನಿ ನಡುಗದೆ. ಮುದಗಲ್ ಸರ್ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

ಪರೀಕ್ಷಕರು ಅವಳ ಲೆಕ್ಕ ನೋಡಿದರು. ಆಮೇಲೆ ತಾವೇ ನನ್ನ ಮುಂದೆ ಕೂತು, ಮೂರು ಸಲ ಅಳೆದರು. ನಾನೂ ಮನಸ್ಸಿಟ್ಟು ತೋರಿಸಿದೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ, ಆದರೆ ಆ ದಿನ ಅವಳ ಅಂಕಿ ನನ್ನ ಅಂಕಿಯ ಹತ್ತಿರ ಬರಲಿ ಎಂದು ಹಾರೈಸಿದ್ದು ನಿಜ. ಎರಡೇ ಮೀಟರ್ ವ್ಯತ್ಯಾಸ. ಅವರು ಅಂಕ ಬರೆದು, ಹಾಳೆ ಮಡಿಸಿ, "ಮುಂದೆ ಏನು ಓದುತ್ತೀಯಮ್ಮ?" ಎಂದು ಕೇಳಿದರು. ಫೇಲಾದವರನ್ನು ಯಾರೂ ಹಾಗೆ ಕೇಳುವುದಿಲ್ಲ. ನನ್ನ ಅವಮಾನ ಅಲ್ಲಿಗೇ ಕರಗಿತು.

ಆಮೇಲೆ ಕಾಲ ಬದಲಾಯಿತು. ಉಪಗ್ರಹದ ಚಿತ್ರಗಳು ಬಂದವು, ಅವುಗಳ ಹಿಂದೆ ಕಂಪ್ಯೂಟರುಗಳು ಬಂದವು. ನಕ್ಷೆಯ ಮೇಲೆ ನಕ್ಷೆ ಹೇರಿ, ರಸ್ತೆ ಬೇರೆ, ನೀರು ಬೇರೆ, ಊರು ಬೇರೆ ಎಂದು ಪದರ ಪದರವಾಗಿ ಬಿಡಿಸಿ ತೋರಿಸುವ ವಿದ್ಯೆ ಬಂತು. ಜಿಐಎಸ್ ಎಂದರು. ಆ ಪರದೆಯ ಮುಂದೆ ಕೂರಲು ಎರಡು ಕಣ್ಣು ಬೇಕೇ ಬೇಕು ಎಂಬ ಷರತ್ತಿಲ್ಲ. ಭಾಗಮ್ಮ ಅದನ್ನೇ ಓದಲು ಹೈದರಾಬಾದಿಗೆ ಹೋದಳು ಎಂದು ಕೇಳಿದೆ. ಮುದಗಲ್ ಸರ್ ನಿವೃತ್ತಿಯ ದಿನ ನನ್ನ ಧೂಳು ತೆಗೆದು, ಕುಂಚವನ್ನು ಪೆಟ್ಟಿಗೆಯೊಳಗೇ ಇಟ್ಟು, ಮುಚ್ಚಳ ಹಾಕಿದರು. ನಾನು ಬೀರುವಿನ ಕೆಳಗಿನ ಖಾನೆಗೆ ಇಳಿದೆ. ಕಂಪ್ಯೂಟರುಗಳ ಮೇಲೆ ಮೊದಮೊದಲು ಹೊಟ್ಟೆಕಿಚ್ಚು ಇತ್ತು. ಹತ್ತು ವರ್ಷ ಕತ್ತಲಲ್ಲಿ ಕೂತರೆ ಅದೂ ಇಳಿಯುತ್ತದೆ.

ಒಂದು ದಿನ ಪೆಟ್ಟಿಗೆ ಮೇಲೆದ್ದಿತು. ಖುಷಿಪಟ್ಟೆ. ಹೊರಗೆ ಬಂದು ನೋಡಿದರೆ ಬೇವಿನ ಮರದ ಕೆಳಗೆ ಮುರಿದ ಕುರ್ಚಿ, ತಿರುಗದ ಫ್ಯಾನು, ಅವುಗಳ ಮೇಲೆ ನಾನು. ನಿರುಪಯುಕ್ತ ಸಾಮಾನಿನ ಪಟ್ಟಿಯಲ್ಲಿ ಮೂವತ್ತೊಂದನೇ ಸಂಖ್ಯೆ. ಗುಜರಿಯವನ ಟಂಟಂ ಗಾಡಿ ಗೇಟಿನಲ್ಲಿ ನಿಂತಿತ್ತು.

ಆಗ ವಿಭಾಗದ ಕಡೆಯಿಂದ ಒಬ್ಬರು ಹೆಂಗಸು ಬಂದರು. ತಲೆಯಲ್ಲಿ ಅಲ್ಲಲ್ಲಿ ಬಿಳಿಕೂದಲು, ಕೊರಳಲ್ಲಿ ಗುರುತಿನ ಚೀಟಿ. ಹೊಸದಾಗಿ ಬಂದ ವಿಭಾಗದ ಮುಖ್ಯಸ್ಥೆ. ಪೆಟ್ಟಿಗೆಯ ಮೇಲಿನ ಅಡ್ಡಗೆರೆಯ ಕೆಂಪು ಕೈ ನೋಡಿ ಅಲ್ಲೇ ನಿಂತರು. ಮುಚ್ಚಳ ತೆಗೆದು, ನನ್ನನ್ನು ಬೆಳಕಿಗೆ ಓರೆ ಮಾಡಿ ಹಿಡಿದು, ಎಡಗನ್ನಡಿಯನ್ನು ಬಲಗಣ್ಣಿನ ಹತ್ತಿರ ತಂದುಕೊಂಡು ಬಹಳ ಹೊತ್ತು ನೋಡಿದರು. ಆ ಹೆಬ್ಬೆರಳಿನ ಗೆರೆಗಳು ಅಲ್ಲೇ ಇದ್ದವು.

"ಇದು ಕೆಟ್ಟಿಲ್ರಿ. ಪಟ್ಟಿಯೊಳಗಿಂದ ತೆಗೀರಿ" ಎಂದು ಪಟ್ಟಿ ಹಿಡಿದು ನಿಂತಿದ್ದ ಗುಮಾಸ್ತರಿಗೆ ಹೇಳಿದರು.

"ಇದನ್ನ ಯಾರು ನೋಡ್ತಾರ್ರಿ ಮೇಡಂ ಈಗ?"

"ನೋಡೋರು ಬರ್ತಾರ್ರಿ" ಎಂದರು ಭಾಗಮ್ಮ ಮೇಡಂ. ಹಿಂದೆ ಯಾವ ಬೆರಳಗುರುತಿಗಾಗಿ ಒಳಗೇ ಅತ್ತಿದ್ದೆನೋ ಅದೇ ಅಂದು ನನ್ನನ್ನು ಉಳಿಸಿತು.

ಈಗ ವರ್ಷಕ್ಕೊಮ್ಮೆ ನನಗೆ ಕೆಲಸ. ಜಿಐಎಸ್ ಓದಲು ಬಂದ ಹೊಸ ತರಗತಿಗೆ ಮೊದಲ ವಾರ ಮೇಡಂ ನನ್ನನ್ನೇ ಮೇಜಿನ ಮೇಲಿಡುತ್ತಾರೆ. ಫೋಟೊದ ಹಿಂದಿನ ಸಂಖ್ಯೆ ನೋಡಿ ಸರಿಯಾಗಿ ಜೋಡಿಸುತ್ತಾರೆ. ಕೊನೆಗೆ, ಸರ್ ಮಾಡುತ್ತಿದ್ದಂತೆಯೇ, ಯಾರಿಗೂ ಹೇಳದೆ ಅದಲುಬದಲು ಮಾಡುತ್ತಾರೆ.

ಈ ವರ್ಷ ಯಾದಗಿರಿ ಕಡೆಯ ಮೌನೇಶ ಎಂಬ ಹುಡುಗ ಬಂದಿದ್ದಾನೆ. ತರಗತಿಯಲ್ಲಿ ಬಾಯೇ ಬಿಡದವನು. ಅದಲುಬದಲಾದ ಫೋಟೊವನ್ನು ಎಲ್ಲರಿಗಿಂತ ಮೊದಲು ನೋಡಿ, "ಗುಡ್ಡ ಚಂದ ಕಾಣಸ್ತದ್ರಿ ಮೇಡಂ" ಎಂದ. ಮೇಡಂ "ಹೂಂ, ಮುಂದ" ಎಂದರು.

ಎಲ್ಲರೂ ಹೋದ ಮೇಲೆ ಅವನನ್ನು ಕೂರಿಸಿಕೊಂಡು, "ಹೆದರಬ್ಯಾಡಪ್ಪಾ. ಯಾವ ಕಣ್ಣು?" ಎಂದು ಮೆಲ್ಲಗೆ ಕೇಳಿದರು.

ಅವನು ಕಣ್ಣು ಕಣ್ಣು ಬಿಟ್ಟ. "ಎರಡೂ ಚಲೋ ಅದಾವ್ರಿ ಮೇಡಂ."

"ಮತ್ತ ಗುಡ್ಡ ಅಂದಿ?"

"ತಗ್ಗು ಕಂಡಿತ್ರಿ. ಆದ್ರ ಗ್ವಾಡಿ ಮ್ಯಾಲಿನ ನಕ್ಷಾದಾಗ ಗುಡ್ಡ ಅಂತ ಬರದಾರ. ಎಲ್ಲಾರೂ ಶಾಣ್ಯಾ ಅದಾರ, ನನಗೇ ತಪ್ಪು ಕಂಡಿರಬೇಕು ಅಂತ..."

ಮೇಡಂ ನಕ್ಕರು. ನಗುತ್ತಲೇ ಅವರ ಕಣ್ಣು ತುಂಬಿತು. ಕಾಣದೆ ಕಂಡಿತು ಎಂದವಳ ಮುಂದೆ, ಕಂಡರೂ ಕಾಣಲಿಲ್ಲ ಎಂದುಕೊಂಡವನು ಕೂತಿದ್ದ. "ನಿನ್ನ ಕಣ್ಣು ಸರಿ ಅದಾವ. ಅವನ್ನ ನಂಬು" ಎಂದರು. ಆಮೇಲೆ ಫೋಟೊಗಳನ್ನು ಸರಿಯಾಗಿ ಜೋಡಿಸಿ, "ಈಗ ನೋಡು. ನೋಡಿ ನನಗ ಹೇಳು. ನಾ ಒಮ್ಮೆಯೂ ನೋಡಿಲ್ಲ" ಎಂದರು.

ಮೌನೇಶ ಬಗ್ಗಿದ. ಮೊದಲು ತಡವರಿಸಿದ, ಆಮೇಲೆ ಮಾತು ಹರಿಯಿತು. ಗುಡ್ಡ ಮೂಗಿಗೆ ತಾಗುವಷ್ಟು ಮೇಲೆ ಬಂದಿದೆ ಎಂದ. ಬದಿ ಕತ್ತರಿಸಿದ ರೊಟ್ಟಿಯ ಅಂಚಿನ ಹಾಗಿದೆ ಎಂದ. ಕೆಳಗೆ ಹಳ್ಳ, ಅದರ ದಡದಲ್ಲಿ ಗಿಡ, ಒಂದೊಂದು ಗಿಡವೂ ಎದ್ದು ನಿಂತಿದೆ ಎಂದ. ಮೇಡಂ ಎದುರಿಗೆ ಕೂತು, ಕಣ್ಣು ಮುಚ್ಚಿ, "ನಿಧಾನ ಹೇಳು, ನಿಧಾನ" ಎನ್ನುತ್ತಿದ್ದರು. ಈ ಮೂವತ್ತು ವರ್ಷದಲ್ಲಿ ನಾನು ಸಾವಿರ ಜನಕ್ಕೆ ಗುಡ್ಡ ತೋರಿಸಿದ್ದೆ, ನನ್ನನ್ನು ಉಳಿಸಿದವರಿಗೆ ಒಂದನ್ನೂ ಕೊಡಲಾಗಿರಲಿಲ್ಲ. ಇಂದು ಈ ಹುಡುಗನ ಬಾಯಿಂದ ಕೊಟ್ಟೆ.

"ಮೇಡಂ, ಎಡಗಡೆ ಮೂಲ್ಯಾಗ ಸಣ್ಣ ಮೋಡ ಇದ್ದಂಗ ಅದ. ಕನ್ನಡಿಗಿ ಏನೋ ಹತ್ಯಾದ. ಒರಸಲೇನ್ರಿ?" ಎಂದ ಮೌನೇಶ.

"ಬ್ಯಾಡ" ಎಂದರು ಮೇಡಂ, ಪೆಟ್ಟಿಗೆಯಿಂದ ಸರ್ ಇಟ್ಟಿದ್ದ ಕುಂಚ ತೆಗೆಯುತ್ತಾ. "ಅದು ನಂದ. ಇರಲಿ."