ಮೆಟ್ಟಿಲು ಗುಡಿಸುವ ಸರದಿ

ಹೆನ್ರೀಕೆ ಬಾಲ್ಟ್ಸರೈಟ್ ಒಂದಷ್ಟು ಕವನ ಸಂಕಲನ, ಎರಡು ಕಾದಂಬರಿ ಬರೆದಿದ್ದಳು. ವಿಮರ್ಶಕರು ಹೊಗಳಿದ್ದೇ ಹೊಗಳಿದ್ದು. ಕೊಂಡವರು ಮಾತ್ರ ವಿಮರ್ಶಕರಿಗಿಂತ ಕಡಿಮೆ. ವರ್ಷಕ್ಕೊಬ್ಬ ಸಾಹಿತಿಗೆ ಬಿಟ್ಟಿ ಮನೆ ಕೊಟ್ಟು ಸಾಕುವ ಊರುಗಳಿರುವುದರಿಂದ ಅವಳ ಬದುಕು ಸೂಟ್‌ಕೇಸಿನಲ್ಲೇ ಸಾಗಿತ್ತು. ಈ ಸಲ ಸಿಕ್ಕಿದ್ದು ಜರ್ಮನಿಯ ಶ್ವಾಬಿಯಾ ಸೀಮೆಯ ಪುಟ್ಟ ಊರೊಂದರ ಹಳೇ ಮನೆಯ ಮೇಲ್ಮಹಡಿ.

ವರ್ಷ ಮುಗಿಯುತ್ತ ಬಂದಿತ್ತು, ಹೊಸ ಕಾದಂಬರಿ ಅರ್ಧಕ್ಕೇ ನಿಂತಿತ್ತು. ಊರಿನ ಸಮಿತಿ ಇನ್ನೊಂದು ವರ್ಷ ಕೊಟ್ಟರೆ ಸರಿ, ಇಲ್ಲವಾದರೆ ಈ ವಯಸ್ಸಿನಲ್ಲಿ ಗಂಟುಮೂಟೆ ಕಟ್ಟಿ ತಂಗಿಯ ಮನೆಯ ಸೋಫಾವೇ ಗತಿ. ಸಮಿತಿಯಲ್ಲಿ ಎಲ್ಲರಿಗಿಂತ ದೊಡ್ಡ ಬಾಯಿ ಕೆಳಮಹಡಿಯ ಹೇಫೆಲೆಯಮ್ಮನದು. ಆಕೆ ಕವಿತೆ ಓದುವವಳಲ್ಲ, ಮೆಟ್ಟಿಲು ಓದುವವಳು. ಆ ಊರಿನ ಪ್ರತಿ ಮನೆಯಲ್ಲೂ ಮೆಟ್ಟಿಲು ಗುಡಿಸುವ ಸರದಿ ಯಾರದೋ ಅವರ ಬಾಗಿಲಿಗೆ ಮರದ ಫಲಕ ನೇತಾಡುತ್ತದೆ. ವಾರದ ಕೊನೆಗೆ ಮೆಟ್ಟಿಲು ಗುಡಿಸಿ, ಒರೆಸಿ, ಫಲಕವನ್ನು ಮುಂದಿನ ಬಾಗಿಲಿಗೆ ದಾಟಿಸಬೇಕು.

ಹೆನ್ರೀಕೆ ದಾಟಿಸುತ್ತಿದ್ದಳು. ಗುಡಿಸುತ್ತಿರಲಿಲ್ಲ.

"ಕವಯಿತ್ರಿಯಮ್ಮ, ನಿಮಗೂ ಪೊರಕೆಗೂ ಮಾತುಕತೆ ನಿಂತೋಗಿದ್ಯಾ?" ಹೇಫೆಲೆಯಮ್ಮ ಒಂದು ದಿನ ದಾರಿಗಡ್ಡ ನಿಂತು ಕೇಳಿದಳು.

"ಗುಡಿಸಿದ್ನಲ್ಲ. ಆಮೇಲೆ ಯಾರೋ ತುಳಿದಿರಬೇಕು," ಎಂದಳು ಹೆನ್ರೀಕೆ, ಕಣ್ಣು ಪಿಳುಕಿಸದೆ.

ವರ್ಷದ ಕೊನೆಗೆ ಅವಳು ಊರಿನ ಗ್ರಂಥಾಲಯದಲ್ಲಿ ತನ್ನ ಕಾದಂಬರಿ ಓದಬೇಕಿತ್ತು; ಅದಕ್ಕೆ ಜನ ತುಂಬಿದರೆ ಸಮಿತಿ ಕರಗೀತೆಂಬ ಆಸೆ ಅವಳಿಗೆ. ಬೇಕರಿಯಲ್ಲಿ ಬ್ರೆಡ್ಡು ಕೊಳ್ಳುತ್ತ ಸುಮ್ಮನೆ ಒಂದು ಮಾತು ಬಿಟ್ಟಳು: "ಗುಡಿಸದೆ ಫಲಕ ದಾಟಿಸೋ ಕಳ್ಳನೊಬ್ಬ ನನ್ನ ಕಾದಂಬರೀಲಿ ಬರ್ತಾನೆ. ಯಾರು ಅಂತ ಮಾತ್ರ ಕೇಳ್ಬೇಡಿ."

ಗ್ರಂಥಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆನ್ರೀಕೆ ನೀರಿನ ಲೋಟ ಪಕ್ಕಕ್ಕಿಟ್ಟು ಓದುತ್ತ ಹೋದಂತೆ ಎದುರಿನ ಮುಖಗಳು ಒಂದೊಂದಾಗಿ ಕೆಂಪಾದವು. ಸಮಿತಿಯ ಅಧ್ಯಕ್ಷನೂ ಆಗಿದ್ದ ಮೇಯರ್ ನೆಲ ನೋಡಿದ. ಮೇಯರನ ಹೆಂಡತಿ ಮೇಯರನನ್ನು ನೋಡಿದಳು.

ಓದು ಮುಗಿದದ್ದೇ ತಡ, ಮಾಂಸದಂಗಡಿಯವನು ಅವಳನ್ನು ಮೂಲೆಗೆ ಕರೆದು, "ಅದು ನಾನಲ್ಲ ತಾನೆ? ಆ ವಾರ ನಂಗೆ ಸೊಂಟ ಹಿಡ್ಕೊಂಡಿತ್ತು," ಎಂದು ಪಿಸುಗುಟ್ಟಿದ. ಹೆನ್ರೀಕೆ ಒಳಗೊಳಗೇ ಬೀಗಿದಳು.

ಅಷ್ಟರಲ್ಲಿ ಹೇಫೆಲೆಯಮ್ಮ ಬಂದು ನಿಂತಳು.

"ಕಥೆ ಚೆನ್ನಾಗಿತ್ತು. ಫಲಕ ಬಾಗಿಲಿಗೆ ಬಡಿದು ಸದ್ದಾಗದ ಹಾಗೆ ಕಳ್ಳ ಅದರ ಹಿಂದೆ ಕಿರುಬೆರಳು ಕೊಡ್ತಾನಲ್ಲ, ಅದಂತೂ ಬಹಳ ಚೆನ್ನಾಗಿತ್ತು. ಮಾಡಿದೋರಿಗಲ್ದೆ ಬೇರೆಯೋರಿಗೆ ಅದು ಹೊಳೆಯಲ್ಲ."

ಬರವಣಿಗೆಯಲ್ಲಿ ಸುಳ್ಳು ಹೇಳಲಾರದ ತನ್ನ ಚಾಳಿಯನ್ನು ಹೆನ್ರೀಕೆ ಮನಸ್ಸಿನಲ್ಲೇ ಶಪಿಸಿದಳು. ತಂಗಿಯ ಮನೆಯ ಸೋಫಾ ಕಣ್ಣ ಮುಂದೆ ಬಂತು.

ಹೇಫೆಲೆಯಮ್ಮ ಮೇಯರನ ಕಡೆ ತಿರುಗಿದಳು. "ಇವ್ರಿಗೆ ಇನ್ನೊಂದು ವರ್ಷ ಕೊಡಿ. ಒಂದು ವರ್ಷಕ್ಕೆ ಗುಡಿಸೋದು ಕಲೀಲಿಲ್ಲ. ಹೀಗೇ ಕಳಿಸಿದ್ರೆ ಊರಿನ ಮರ್ಯಾದೆ ಏನಾಗ್ಬೇಕು?"

ಮೇಯರ್ ತಕ್ಷಣ ತಲೆಯಾಡಿಸಿದ. ಅವನಿಗೆ ಗುಡಿಸುವ ಮಾತು ಅಲ್ಲಿಗೇ ಮುಗಿದರೆ ಸಾಕಾಗಿತ್ತು.

ಬೆಳಿಗ್ಗೆ ಹೆನ್ರೀಕೆಯ ಬಾಗಿಲಿಗೆ ಫಲಕ ನೇತಾಡುತ್ತಿತ್ತು, ಪಕ್ಕದಲ್ಲೊಂದು ಹೊಸ ಪೊರಕೆ. ಸರದಿ ಅವಳದಲ್ಲ. ಆದರೂ ಪೊರಕೆ ಹಿಡಿದು ಇಳಿದಳು. ಇಷ್ಟು ಊರುಗಳಲ್ಲಿ ಇದ್ದು ಬಂದರೂ ಯಾರೂ ಅವಳನ್ನು ತಮ್ಮವಳೆಂದುಕೊಂಡು ಬೈದಿರಲಿಲ್ಲ. ಈ ಬೈಗುಳ ಹಿತವಾಗಿತ್ತು.

"ಮೂಲೆ ಬಿಟ್ರಿ," ಎಂದಿತು ಕೆಳಗಿನಿಂದ ದನಿ.