ಚಿರಂತನನ ಮಧ್ಯಾಹ್ನದ ನಿದ್ದೆ, ನೀಲಕ್ಕನ ನಾಲ್ಕು ಹೊಲಿಗೆ

ಸಣ್ಣ ಮಕ್ಕಳಿರುವ ಮನೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಒಂದು ಗಂಟೆ ಎಲ್ಲ ತಣ್ಣಗಿರುತ್ತದೆ. ಆ ಒಂದು ಗಂಟೆಗಾಗಿ ಹೆಂಗಸರು ಬೆಳಗಿನಿಂದ ಕಾದಿರುತ್ತಾರೆ. ಸಿದ್ದಾಪುರದ ನಮ್ಮ ಬೀದಿಯ ನೀಲಕ್ಕನ ಮನೆಯಲ್ಲಿ ಮಾತ್ರ ಗಲಾಟೆ ಶುರುವಾಗುತ್ತಿದ್ದದ್ದೇ ಆ ಹೊತ್ತಿಗೆ. ಪಕ್ಕದ ಮನೆಯವಳಾದ ನನಗೂ ನಿದ್ದೆ ಇರಲಿಲ್ಲ.

ನೀಲಕ್ಕನ ಮೊಮ್ಮಗ ಚಿರಂತನನಿಗೆ ಎರಡು ವರ್ಷ ತುಂಬಲು ಇನ್ನೂ ಮೂರು ತಿಂಗಳಿತ್ತು. ಅವನ ಅಮ್ಮ ಶ್ರೀಲಕ್ಷ್ಮಿ ಶಾಲೆಯಲ್ಲಿ ಟೀಚರು. ಅವಳು ಶಾಲೆಗೆ ಹೋದರೆ ಸಂಜೆಯವರೆಗೆ ಮಗು ಅಜ್ಜಿಯದು. ಅಜ್ಜಿಗೆ ಮಂಡಿನೋವು, ದಿನಾ ಕಂಬಳಿ ತೊಳೆಯುವುದು ಆಗುವ ಮಾತಲ್ಲ. ಅದಕ್ಕೇ ಮಗ ಸೀತಾರಾಮ ಶಿರಸಿಯ ಮೆಡಿಕಲ್ ಅಂಗಡಿಯಿಂದ ಡೈಪರ್ ತಂದುಕೊಟ್ಟ. ಮಧ್ಯಾಹ್ನ ಮಲಗಿಸುವಾಗ ಮಾತ್ರ ಹಾಕುವುದು ಎಂದಾಯಿತು.

ಹಾಕುವುದು ನೀಲಕ್ಕನ ಕೆಲಸ, ಬಿಚ್ಚುವುದು ಚಿರಂತನನ ಕೆಲಸ. ಅಜ್ಜಿ ತಟ್ಟುವಷ್ಟು ಹೊತ್ತು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದ. ಅಜ್ಜಿ ಅಡುಗೆಮನೆಗೆ ಎದ್ದು ಹೋದರೆ ಸಾಕು, ಚರ್ ಎಂದು ಅಂಟು ಕೀಳುವ ಸದ್ದು. ಓಡಿ ಬಂದರೆ ಡೈಪರ್ ಒಂದು ಮೂಲೆಯಲ್ಲಿ, ಮಗು ಒಂದು ಮೂಲೆಯಲ್ಲಿ, ಚಾಪೆಯೆಲ್ಲ ಒದ್ದೆ. ಒಂದು ದಿನವಂತೂ ಬರೀ ಒದ್ದೆಯಲ್ಲ, ಗೋಡೆಗೂ ಬಳಿದಿದ್ದ. ಹೆಚ್ಚು ವಿವರಿಸುವುದಿಲ್ಲ, ಮಕ್ಕಳನ್ನು ಸಾಕಿದವರಿಗೆ ಗೊತ್ತು.

ನೀಲಕ್ಕ ಬೈದಳು, ಗುಮ್ಮ ಬರುತ್ತಾನೆಂದು ಹೆದರಿಸಿದಳು. ಎರಡೂ ಫಲ ಕೊಡದಿದ್ದಾಗ ತಲೆ ಓಡಿಸಿದಳು. ನಮ್ಮಲ್ಲಿ ಮಗುವಿನ ಸೊಂಟ ಬರಿದಾಗಿರಬಾರದು. ಚಿರಂತನನಿಗೂ ಹೆಸರಿಟ್ಟ ದಿನ ಕಟ್ಟಿದ ಬೆಳ್ಳಿಯ ಉಡಿದಾರವಿತ್ತು, ಸಣ್ಣ ಸರಪಳಿಯಂಥದ್ದು. ಡೈಪರಿನ ಮೇಲಂಚನ್ನು ಆ ಉಡಿದಾರದ ಮೇಲೆ ಮಡಚಿ, ಸೂಜಿದಾರದಿಂದ ಸುತ್ತ ನಾಲ್ಕು ಹೊಲಿಗೆ ಹಾಕಿಬಿಟ್ಟಳು. ಎದ್ದ ಮೇಲೆ ಕತ್ತರಿಸಿ ತೆಗೆಯುವುದು. ಇನ್ನು ಹೇಗೆ ಬಿಚ್ಚುತ್ತಾನೋ ನೋಡುತ್ತೇನೆ ಎಂದು ನನ್ನ ಹತ್ತಿರ ಹೆಮ್ಮೆಯಿಂದ ಹೇಳಿಯೂ ಹೋದಳು. ನಾನೂ ಭೇಷ್ ಎಂದೆ. ಆ ದಡ್ಡತನದಲ್ಲಿ ನನ್ನ ಪಾಲೂ ಇದೆ.

ಡೈಪರ್ ಮೈಮೇಲೆ ನಿಂತಿತು, ನಿದ್ದೆ ಹೋಯಿತು. ಚಿರಂತನ ಹೊರಳಾಡಿ ಅತ್ತ. ಮೂರನೇ ದಿನ ಚಾಪೆ ಕಂಡೊಡನೆ ಬಾಗಿಲ ಹಿಂದೆ ಅಡಗಿದ. ವಾರ ಕಳೆಯುವುದರೊಳಗೆ ಅಜ್ಜಿ ಕೈ ಚಾಚಿದರೆ ನನ್ನ ಸೆರಗು ಹಿಡಿದುಕೊಂಡು "ಅಜ್ಜಿ ಬೇಡ" ಎನ್ನತೊಡಗಿದ. ಅವನಿಗೆ ಬರುತ್ತಿದ್ದದ್ದೇ ಹತ್ತಿಪ್ಪತ್ತು ಮಾತು, ಅದರಲ್ಲಿ ಇದೊಂದು ಹೊಸದು.

ಆವತ್ತು ನೀಲಕ್ಕ ನಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು.

"ಮಾಣಿ ಎನ್ನ ಹತ್ರ ಬತ್ನಿಲ್ಲೆ. ಎಂತ ಮಾಡವು ಹೇಳಿ ಗೊತ್ತಾಗ್ತಿಲ್ಲೆ."

ಡೈಪರ್, ಕಂಬಳಿ, ಗೋಡೆ ಯಾವುದೂ ಅವಳಿಗೆ ಈಗ ಬೇಡವಾಗಿತ್ತು. ಹುಟ್ಟಿದಾಗಿನಿಂದ ತನ್ನ ಮಗ್ಗುಲಲ್ಲೇ ಮಲಗಿದ ಹುಡುಗ, ಅವಳ ಮಾಣಿ, ಮತ್ತೆ ಬಂದು ಮಲಗಿದರೆ ಸಾಕಾಗಿತ್ತು. ಅಂಗನವಾಡಿಯ ರಜಿಯಾ ಟೀಚರನ್ನು ಒಮ್ಮೆ ಕರೆಸೋಣ ಎಂದೆ. ನೀಲಕ್ಕ ಮೊದಲು ಒಪ್ಪಲಿಲ್ಲ. ಮೂರು ಮಕ್ಕಳನ್ನು ಸಾಕಿದವಳಿಗೆ ನಿನ್ನೆ ಮೊನ್ನೆ ಬಂದ ಹುಡುಗಿ ಏನು ಹೇಳಿಕೊಡುತ್ತಾಳೆ ಎಂದು ಗೊಣಗಿದಳು. ಆ ಮೂರು ಮಕ್ಕಳೂ ಡೈಪರ್ ಕಂಡವರಲ್ಲ ಎಂದು ನಾನು ನೆನಪಿಸಬೇಕಾಯಿತು.

ಭಾನುವಾರ ಎಲ್ಲರೂ ಮನೆಯಲ್ಲಿದ್ದಾಗ ರಜಿಯಾ ಬಂದಳು. ವಿಷಯವೆಲ್ಲ ನನ್ನಿಂದ ಕೇಳಿಕೊಂಡೇ ಬಂದವಳು ಡೈಪರಿನ ಸುದ್ದಿಯನ್ನೇ ಎತ್ತಲಿಲ್ಲ. ನೆಲದ ಮೇಲೆ ಕೂತು ಚಿರಂತನನ ಜೊತೆ ಚಮಚ, ಲೋಟ ಇಟ್ಟುಕೊಂಡು ಆಡಿದಳು. ಅವನು ತಾನಾಗಿ ಬಂದು ಮಡಿಲಲ್ಲಿ ಕೂತ ಮೇಲೆ ಮೆಲ್ಲಗೆ ಅಂಗಿ ಎತ್ತಿದಳು. ಸೊಂಟದ ಸುತ್ತ ಕೆಂಪು ಗೆರೆ. ಎರಡು ಕಡೆ ಚರ್ಮ ಸುಲಿದಿತ್ತು. ಸ್ನಾನ ಮಾಡಿಸುವಾಗ ಕೆಂಪಗಿದ್ದದ್ದನ್ನು ಶ್ರೀಲಕ್ಷ್ಮಿ ಕಂಡಿದ್ದಳು, ಸೆಖೆಗೆ ಎದ್ದ ಬೆವರುಸಾಲೆ ಎಂದು ಎಣ್ಣೆ ಹಚ್ಚಿದ್ದಳು.

"ಅಮ್ಮ, ಇವ ತುಂಟತನಕ್ಕೆ ಬಿಚ್ಚಿದ್ದಲ್ಲ," ಎಂದಳು ರಜಿಯಾ. "ಮಲಗಿದಾಗ ಈ ಸರಪಳಿ ಡೈಪರಿನ ಅಡಿಗೆ ಸಿಕ್ಕಿ ಒತ್ತುತ್ತದೆ. ಓಡಾಡುವಾಗ ಡೈಪರ್ ಇರೋದಿಲ್ಲ, ಗೊತ್ತಾಗೋದಿಲ್ಲ. ನೋಯ್ತದೆ ಅಂತ ಹೇಳೋಕೆ ಅವನಿಗೆ ಮಾತು ಬರೋದಿಲ್ಲ. ಕೈ ಬರ್ತದೆ, ಬಿಚ್ಚಿದ. ನೀವು ಅದನ್ನೂ ಹೊಲಿದುಬಿಟ್ರಿ."

ನೀಲಕ್ಕ ಬಗ್ಗಿ ಆ ಕೆಂಪು ಗೆರೆಯನ್ನು ನೋಡಿದಳು. ಆಮೇಲೆ, ಏನೇ ಆದರೂ ಉಡಿದಾರ ಮಾತ್ರ ತೆಗೆಯುವುದಿಲ್ಲ ಎಂದಳು. ರಜಿಯಾ ನಕ್ಕಳು.

"ಪೂರ್ತಿ ತೆಗೀರಿ ಅಂತ ನಾನೆಲ್ಲಿ ಹೇಳಿದೆ? ನನ್ನ ಮಗಳು ಸನಾಗೂ ಅವಳಜ್ಜಿ ಕೊರಳಿಗೆ ತಾಯತ ಕಟ್ಟಿದ್ರು. ಮಲಗುವಾಗ ದಾರ ಸುತ್ತಿಕೊಂಡ್ರೆ ಅಪಾಯ. ಮಲಗುವಾಗ ತೆಗೆದಿಡೋದು, ಎದ್ದ ಮೇಲೆ ಹಾಕೋದು ಅಂತ ಅತ್ತೆಗೂ ನನಗೂ ಒಪ್ಪಂದ ಆಯ್ತು. ನೀವೂ ಹಾಗೆ ಮಾಡಿ. ಗಾಯ ಮಾಯೋವರೆಗೆ ಮಾತ್ರ ಪೂರ್ತಿ ಬೇಡ. ಚರ್ಮ ಸುಲಿದಿದೆ, ಡಾಕ್ಟರಿಗೂ ಒಮ್ಮೆ ತೋರಿಸಿ."

ಗಾಯ ಮಾಯುವವರೆಗೆ ಡೈಪರ್ ಕೂಡ ಬೇಡ, ರಬ್ಬರ್ ಶೀಟಿನ ಮೇಲೆ ಹಳೆ ಹತ್ತಿ ಸೀರೆ ಮಡಚಿ ಹಾಸಿ ಎಂದಳು. ಅದನ್ನು ತೊಳೆಯುವವರು ಯಾರು ಎಂದು ನೀಲಕ್ಕ ಕೇಳಿದಾಗ ರಜಿಯಾ ಸೀತಾರಾಮನ ಮುಖ ನೋಡಿದಳು. ಎಲ್ಲರೂ ನೋಡಿದರು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ತೊಳೆದು ಹೋಗುತ್ತೇನೆ ಎಂದು ಅವನು ಒಪ್ಪಿಕೊಂಡ. ತೊಳೆದ ಕೂಡ, ಅದನ್ನು ನಾನೇ ಬೇಲಿಯಾಚೆಯಿಂದ ಕಂಡಿದ್ದೇನೆ.

ಮುಂದೆ ಡೈಪರ್ ಹಾಕುವಾಗ ಏನು ಮಾಡಬೇಕೆಂಬುದನ್ನೂ ರಜಿಯಾ ಹೇಳಿದಳು. ಮಲಗಿಸುವ ಮೊದಲು ಒಂದಕ್ಕೆ ಕೂರಿಸಿ, ಆಮೇಲೆ ಒಣಗಿದ, ಹೊಸ ಡೈಪರ್ ಹಾಕುವುದು. ಸೊಂಟದ ಹತ್ತಿರ ಎರಡು ಬೆರಳು ಹೋಗುವಷ್ಟು ಸಡಿಲ ಇರಬೇಕು. ಮೇಲೊಂದು ಚಡ್ಡಿ, ಅಥವಾ ಗುಂಡಿ ಬೆನ್ನಿಗೆ ಬರುವ ಇಡೀ ಅಂಗಿ ಹಾಕಿದರೆ ಪುಟ್ಟ ಕೈಗೆ ಅಂಟು ಸಿಗುವುದಿಲ್ಲ. ಉಲ್ಟಾ ಅಂಗಿ ಎಂತ ವೇಷ ಎಂದು ನೀಲಕ್ಕ ಮೂಗು ಮುರಿದಳು. ಮಲಗಿದವನ ವೇಷ ನೋಡುವವರು ಯಾರು ಎಂದು ಶ್ರೀಲಕ್ಷ್ಮಿ ಕೇಳಿದ ಮೇಲೆ ಒಪ್ಪಿದಳು.

ಉಡಿದಾರವನ್ನು ನೀಲಕ್ಕನೇ ಬಿಚ್ಚಿದಳು. "ತಪ್ಪಾತು ಮಾಣಿ" ಎಂದಳು. ಮಾಣಿ ಅಮ್ಮನ ಹೆಗಲಲ್ಲಿ ಮುಖ ಮುಚ್ಚಿಕೊಂಡ.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಗಾಯ ಬೇಗ ಒಣಗಿತು, ಅವನ ಹೆದರಿಕೆ ಒಣಗಲಿಲ್ಲ. ನಾಲ್ಕು ದಿನ ನನ್ನ ಮನೆಯಲ್ಲೇ ಮಲಗಿದ. ನೀಲಕ್ಕ ಎಳೆದು ತರಲಿಲ್ಲ. ದಿನಾ ಚಾಪೆ ಹಾಸಿ ತಾನೊಬ್ಬಳೇ ಮಲಗುತ್ತಿದ್ದಳು. ಐದನೇ ಮಧ್ಯಾಹ್ನ ಅವನನ್ನು ಎತ್ತಿಕೊಂಡು ಅಲ್ಲಿಗೇ ಹೋದೆ. ಕೆಳಗಿಳಿದವನು ಹೊಸ್ತಿಲಲ್ಲಿ ನಿಂತು ನೋಡಿದ. ಮೆಲ್ಲಗೆ ಹೋಗಿ ಅಜ್ಜಿಯ ಬಲಗೈ ಮುಷ್ಟಿ ಬಿಡಿಸಿ ನೋಡಿದ. ಎಡಗೈಯನ್ನೂ ಬಿಡಿಸಿ ನೋಡಿದ. ಎರಡರಲ್ಲೂ ಸೂಜಿ ಇರಲಿಲ್ಲ. ಆಮೇಲೆ ಅವಳ ಮಗ್ಗುಲಲ್ಲಿ ಮಲಗಿದ. ನೀಲಕ್ಕ ಅಲುಗಾಡದೆ ಹಾಗೇ ಇದ್ದಳು, ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಈಗ ಅವನು ಡೈಪರ್ ಹಾಕಿಸಿಕೊಂಡೇ ಮಲಗುತ್ತಾನೆ. ಆಗೊಮ್ಮೆ ಈಗೊಮ್ಮೆ ಕೀಳುವುದೂ ಉಂಟು. ಆಗ ನೀಲಕ್ಕ ಬೈಯುವುದಿಲ್ಲ, ಮೊದಲು ಸೊಂಟ ನೋಡುತ್ತಾಳೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಪ್ಪಂದಿರೇ, ಅಜ್ಜಿಯರೇ. ನಿಮ್ಮ ಮಗುವೂ ಮಲಗುವಾಗ ಡೈಪರ್ ಕಿತ್ತೆಸೆಯುತ್ತಿದ್ದರೆ, ಕೈ ಎತ್ತುವ ಮೊದಲು ಅಂಗಿ ಎತ್ತಿ ನೋಡಿ. ಬಿಗಿಯಾಗಿದೆಯೇ, ಒದ್ದೆಯಾಗಿದೆಯೇ, ಕೆಂಪಾಗಿದೆಯೇ ನೋಡಿ. ಪಿನ್ನು, ದಾರ, ಟೇಪು ಯಾವುದರಿಂದಲೂ ಕಟ್ಟಬೇಡಿ. ಕೆಂಪು ಎರಡು ಮೂರು ದಿನಕ್ಕೆ ಇಳಿಯದಿದ್ದರೆ, ಚರ್ಮ ಸುಲಿದಿದ್ದರೆ ಡಾಕ್ಟರಿಗೆ ತೋರಿಸಿ. ಗೊತ್ತಾಗದಿದ್ದರೆ ನಿಮ್ಮೂರ ಅಂಗನವಾಡಿಯಲ್ಲಿ ಕೇಳಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಮಗು ನಿಮ್ಮನ್ನು ನಂಬಿ ಕಣ್ಣು ಮುಚ್ಚುತ್ತದೆ. ಆ ನಂಬಿಕೆಗಿಂತ ಒಣಗಿದ ಕಂಬಳಿ ದೊಡ್ಡದಲ್ಲ.